ಬಿರಡೆ ತೆಗೆದ ಸೀಸೆಗಳು

ಕೊಪ್ಪ,
೧೨-೪-೧೯೭೪

ಪ್ರೊಫೆಸರನ್ನು ಕಾಣಲು ಮೈಸೂರಿಗೆ ಹೋಗಿರುವ ನಮ್ಮ ಯಜಮಾನರಿಗೆ ಸುಶೀಲ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನೀವು ನಾಲೆಯಿಂದ ತಂದ ಬಸವನಹುಳುವಿನ ಮೊಟ್ಟೆಗಳೂ ಕ್ಷೇಮ. ನಿಮ್ಮ ಸಂಶೋಧನೆಗೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಕ್ಷೇಮ.

ಮೊಟ್ಟೆಯೊಳಗಿನ ಮರಿಗಳು ಎಷ್ಟು ಉಸಿರಾಡುತ್ತವೆ ಎಂದು ತಿಳಿಯಲು, ನೀವು ಹೇಳಿದಂತೆ ಬೆಳಿಗ್ಗೆ ನೀರು ತುಂಬಿ ಮೊಟ್ಟೆ ಇಟ್ಟ ಹನ್ನೆರಡು ಸೀಸೆಗಳಿಗೂ ಗಾಳಿಯಾಡದ ಹಾಗೆ ಬಿರಡೆ ಹಾಕಿದ್ದೆ. ಸಂಜೆ ನೀರಿನಲ್ಲಿ ಉಳಿದ ಆಮ್ಲಜನಕವನ್ನು ಅಳೆಯಬೇಕಿತ್ತು. ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಅತ್ತೆ ಎಲ್ಲ ಬಿರಡೆಗಳನ್ನೂ ಕಿತ್ತು, ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದರು.

"ಏನತ್ತೆ ಇದು?" ಎಂದೆ.

"ಕಣ್ಣು ಬುಡ್ದಿರೋ ಕೂಸ್‌ಗಳು ಕಣಮ್ಮ. ಉಸ್ರು ಕಟ್ಟಿ ಸತ್ರೆ ಆ ಪಾಪ ಯಾರ್ಗೆ? ಒಸಿ ಗಾಳಿ ಆಡ್ಲಿ ಬುಡು."

ಪುಸ್ತಕದಲ್ಲಿ ನಾನು ಸುಳ್ಳು ಅಂಕಿ ಬರೆಯಲಿಲ್ಲ. "ಅತ್ತೆ ಬಿರಡೆ ತೆಗೆದರು" ಎಂದೇ ಬರೆದಿದ್ದೇನೆ. ಪ್ರೊಫೆಸರಿಗೆ ತೋರಿಸುವುದು ಬಿಡುವುದು ನಿಮಗೆ ಸೇರಿದ್ದು. ಬಿರಡೆಗಳನ್ನು ಅತ್ತೆ ನೀರೊಲೆಗೆ ಹಾಕಿಬಿಟ್ಟಿದ್ದಾರೆ, ಬರುವಾಗ ಹೊಸವು ತನ್ನಿ.

ಕೋಪ ಮಾಡಿಕೊಂಡು ಮಾತ್ರ ಬರಬೇಡಿ. "ಗದ್ದೆ ಬುಟ್ಟು ಉಳ ಸಾಕ್ತಾನೆ" ಎಂದು ಮೂರು ವರ್ಷದಿಂದ ನಿಮ್ಮೊಡನೆ ಮಾತು ಬಿಟ್ಟಿರುವ ಅತ್ತೆ, ಇವತ್ತು ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದರು: "ಅಲ್ಲ ಕಣಮ್ಮ, ಮೊಟ್ಟೆ ಒಳ್ಗೆ ಅವು ಎಂಗೆ ಉಸ್ರಾಡ್ತವೆ?"

ನನಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. "ನಿಮ್ಮ ಮಗನೇ ಬಂದು ಹೇಳ್ತಾರೆ ಅತ್ತೆ" ಎಂದಿದ್ದೇನೆ. ಭಾನುವಾರದೊಳಗೆ ಬನ್ನಿ.

ಇಂತಿ,
ನಿಮ್ಮ ಸುಶೀಲ