ಬಾಗಿಲ ಬೇವು

ರೀ, ಈ ಚೀಟಿ ಬರೆದಿಟ್ಟು ದಾಕ್ಷಾಯಿಣಿಯನ್ನು ಎತ್ತಿಕೊಂಡು ಬೆಳಗಿನ ಬಸ್ಸಿಗೆ ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಟಿದ್ದೇನೆ.

ಮಗುವಿಗೆ ಎದ್ದಿರುವುದು ಅಮ್ಮ ಅಲ್ಲ. ಅಮ್ಮ ಆಗಿದ್ದರೆ ಗುಳ್ಳೆ ಮೈಮೇಲೆ ನಿಲ್ಲುತ್ತಿತ್ತು. ಇವಳಿಗೆ ಸಂಜೆ ಜ್ವರದ ಜೊತೆ ಕೆಂಪಗೆ ಏಳುತ್ತದೆ, ಬೆಳಗಾದರೆ ಗುರುತೂ ಇರುವುದಿಲ್ಲ. ಈಗ ಮಂಡಿ ಊದಿಕೊಂಡು ಕಾಲು ಮಡಿಸಲಾರಳು. ನಿನ್ನೆ ಬಾಗಿಲಾಚೆ ನಿಂತೇ ನೋಡಿದ ನರ್ಸಮ್ಮ, "ಇದು ಕೀಲಿನ ಜ್ವರ ಇರ್ಬೋದು ಕಣವ್ವ, ತಡ ಮಾಡ್ಬ್ಯಾಡ" ಅಂದರು.

ಹದಿನೆಂಟು ದಿನ, ಅಮ್ಮ ಅಂತ ಬಾಗಿಲಿಗೆ ಕಟ್ಟಿದ ಬೇವಿನ ಸೊಪ್ಪು ನೋಡಿ ಯಾರೂ ಹೊಸ್ತಿಲು ತುಳಿಯಲಿಲ್ಲ. ನೀವೂ ರೇಷ್ಮೆ ಹುಳುವಿಗೆ ಮೈಲಿಗೆ ಅಂತ ಹುಳುಮನೆಯಲ್ಲೇ ಮಲಗಿದಿರಿ. ಮಗಳು ಅಪ್ಪ ಎಲ್ಲಿ ಅಂದಾಗಲೆಲ್ಲ ನಾನೇ ಏನೇನೋ ಹೇಳಿದೆ.

ಹಸುವಿಗೆ ನೀರಿಡಿ. ಅಮ್ಮ ಇರುವ ಮನೆ ಅಂತ ಇಷ್ಟು ದಿನ ಹಾಕದ ಒಗ್ಗರಣೆ ಇವತ್ತು ಸಾರಿಗೆ ಹಾಕಿದ್ದೇನೆ, ಉಣ್ಣಿ.

ಬೇವು ಕಿತ್ತು ಹಾಕಿದ್ದೇನೆ. ಇನ್ನು ನೀವು ಒಳಗೆ ಬರಬಹುದು. ನಾವಿಬ್ಬರೂ ಇಲ್ಲ.