ಕೋರಿಕೆಗಳ ಪುಸ್ತಕದಲ್ಲಿ ನಿನ್ನ ಅಕ್ಷರ

ಅಮ್ಮಾ,

ನೀನು ತೀರಿಕೊಂಡು ವರ್ಷವಾಗುತ್ತಿರುವುದಕ್ಕೆ ಬಲಿಪೂಜೆಯ ಪ್ರಾರ್ಥನೆ ಬರೆಸಲು ಇವತ್ತು ಟಾರ್ನೂಫ್‌ನ ನಮ್ಮ ಚರ್ಚಿಗೆ ಹೋಗಿದ್ದೆ. ಪೂಜೆಯಲ್ಲಿ ಪಾದ್ರಿಗಳು ಓದಿ ಹೇಳುವ ಕೋರಿಕೆಗಳ ಪುಸ್ತಕ ಬಿಡಿಸುತ್ತಾ, ಚರ್ಚಿನ ಕಚೇರಿಯಲ್ಲಿರುವ ನಿನ್ನ ಗೆಳತಿ ಗ್ರಾಜಿನಾ, "ನಿಮ್ಮಮ್ಮ ಪ್ರತಿ ವರ್ಷ ನಿನ್ನ ಹೆಸರಲ್ಲೂ ಒಂದು ಪೂಜೆ ಬರೆಸ್ತಿದ್ಳು, ವಂಡಾ" ಅಂದಳು.

"ಮಗಳಿಗೆ ಬುದ್ಧಿ ಬರಲಿ ಅಂತ ತಾನೇ?" ಎಂದೆ. ನಾನು ಹೆಂಗಸರೂ ಪಾದ್ರಿಗಳಾಗಬೇಕೆಂದು ಗ್ರಂಥ ಬರೆದು, ದೇವಶಾಸ್ತ್ರ ಕಲಿಸುವ ಕೆಲಸ ಕಳೆದುಕೊಂಡಾಗ ನೀನು ಒಂದು ಮಾತೂ ಆಡಿರಲಿಲ್ಲವಲ್ಲ. ಆಮೇಲೆ ನಾನೂ ಮನೆಗೆ ಬರಲಿಲ್ಲ.

"ಓದೇ, ಕತ್ತೆ!" ಎಂದು ಪುಸ್ತಕವನ್ನು ನನ್ನತ್ತ ತಿರುಗಿಸಿದಳು. ನಿನ್ನದೇ ಅಕ್ಷರ: 'ನನ್ನ ಮಗಳು ಬಾಯಿ ಮುಚ್ಚದಿರಲಿ.'

"ಪಾದ್ರಿಗಳು ಇದನ್ನ ಓದಲ್ಲ ಅಂದ್ರು. ತುಂಬಿದ ಚರ್ಚಲ್ಲಿ ನಿಮ್ಮಮ್ಮನೇ ಎದ್ದು ನಿಂತು ಓದಿದ್ಳು. ಪ್ರತಿ ವರ್ಷ!"

ಅಮ್ಮಾ, ಆ ಗ್ರಂಥದ ಮೊದಲ ಅಧ್ಯಾಯದಲ್ಲಿ 'ಚರ್ಚಿನಲ್ಲಿ ಬಾಯಿ ಸತ್ತ ಹೆಂಗಸು' ಎಂದು ಹೆಸರು ಹೇಳದೆ ಬರೆದದ್ದು ನಿನ್ನನ್ನೇ. ಅದನ್ನು ಓದಿಯೂ ಎದ್ದು ನಿಂತೆಯಾ?