ಮನೆಗೊಂದೇ ರಕ್ತವೆಂದು ಬಗೆದವರ ವಿರುದ್ಧ ಬಿನ್ನಹ

ಅಳಿವೆಪುರ, ಏರುನೀರ ಋತುವಿನ ನಲವತ್ತೊಂದನೆಯ ದಿನ, ಕ್ರಿ.ಶ. 2219

ಇನ್ನೂರು ವರ್ಷ ಹಿಂದಿರುವ ಹಿರಿಯರ ಸನ್ನಿಧಾನಕ್ಕೆ, ನೇತ್ರಾವತಿ ಅಳಿವೆಯ ನಿವಾಸಿ, ನಾಲ್ಕು ಕೇರಿಗಳ ಮುಖ್ಯಸ್ಥನಾದ ಗುರಿಕಾರ ಐತಪ್ಪ ಮೆಂಡನ್ ಮಾಡಿಕೊಳ್ಳುವ ಬಿನ್ನಹ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಮನ್ನಿಸಬೇಕು. ಅವು ಹುಟ್ಟಿದ್ದೇ ತಮ್ಮ ನಂತರ. ಯಾರ ಮುಂದೆಯೂ ಕೈಯೊಡ್ಡಿದವನಲ್ಲ ನಾನು. ಇಂದು ಒಡ್ಡುತ್ತಿರುವುದು ಕೋಪದಿಂದ.

ಸಮುದ್ರ ಊರೊಳಗೆ ಬಂದ ಮೇಲೆ ನಮ್ಮ ಮನೆಗಳು ಪೀಪಾಯಿಗಳ ಮೇಲೆ ತೇಲುತ್ತವೆ. ಈ ಸಾಲುಗಳನ್ನು ತೇಲುಕೇರಿ ಎನ್ನುತ್ತೇವೆ. ಕುಡಿಯಲು ಹಿಡಿದಿಟ್ಟ ಮಳೆನೀರಲ್ಲೇ ಸೊಳ್ಳೆ ಮರಿಮಾಡುತ್ತದೆ, ಮಲೇರಿಯಾ ಮನೆಯವರಂತೆ ಬಂದುಹೋಗುತ್ತದೆ. ಮಕ್ಕಳಿಗೆ ಲಸಿಕೆಯೂ ಮದ್ದಿನಲ್ಲಿ ನೆನೆಸಿದ ಸೊಳ್ಳೆಪರದೆಯೂ ಇವೆ. ತಳಿಗಾಪು ಇರುವ ಮನೆಗಳಿಗೆ ಮಾತ್ರ ಇಲ್ಲ. ತಾಯಿ ತಂದೆಯರಿಂದ ಬರುವ ರೋಗನಿರೋಧಕ ವಂಶವಾಹಿಗಳ ಕೆಲವು ಜೋಡಿಗಳು ಮಗುವನ್ನು ಕಡು ಮಲೇರಿಯಾದಿಂದ ಕೊಂಚ ಕಾಯುತ್ತವೆ. ಅದಕ್ಕೆ ನಮ್ಮವರಿಟ್ಟ ಹೆಸರು ತಳಿಗಾಪು. ‘ಕೊಂಚ’ ಎಂಬ ಪದವನ್ನು ಇಲ್ಲಿನ ಆರೋಗ್ಯ ಕಚೇರಿ ನುಂಗಿಹಾಕಿದೆ. ಚೊಚ್ಚಲ ಮಗುವಿನ ರಕ್ತವನ್ನಷ್ಟೇ ನೋಡಿ, ಅದರಲ್ಲಿ ತಳಿಗಾಪು ಕಂಡರೆ ಇಡೀ ಮನೆಯ ಬಾಗಿಲಿಗೆ ನೀಲಿ ಬಳಿಯುತ್ತದೆ. ನೀಲಿ ಬಾಗಿಲಿಗೆ ನೆಂಟಸ್ತನ ಕೇಳಿ ಬರುವವರು ಹೆಚ್ಚು, ಪರದೆ ತರುವವರು ಯಾರೂ ಇಲ್ಲ.

ನನ್ನ ಮೊಮ್ಮಗ ಯಶೋಧರನ ರಕ್ತದಿಂದ ನಮ್ಮ ಬಾಗಿಲು ನೀಲಿಯಾಯಿತು. ಜ್ವರ ಬಂದದ್ದು ಅವನ ತಂಗಿ ತಾರಿಣಿಗೆ. ಸೊಸೆ ವಾರಿಜ ಮಗುವನ್ನೆತ್ತಿಕೊಂಡು ಕಚೇರಿಗೆ ಓಡಿದಳು.

“ನಿಮ್ಮದು ನೀಲಿ ಬಾಗಿಲಲ್ವಾ ಅಮ್ಮ? ಇದು ಬರೀ ಶೀತ. ಕಷಾಯ ಕೊಡಿ” ಎಂದ ಅಧಿಕಾರಿ, ಮಗುವಿನ ಮುಖವನ್ನೂ ನೋಡದೆ.

“ಜ್ವರ ಬಂದದ್ದು ಬಾಗಿಲಿಗಲ್ಲ ಮಾರಾಯ್ರೇ, ಮಗುವಿಗೆ!” ಎಂದಳು ವಾರಿಜ.

ಮಗು ಅಲ್ಲೇ ಸೆಟೆದುಕೊಂಡು ನಡುಗಿದ ಮೇಲೆ ರಕ್ತ ತೆಗೆದರು. ಮಲೇರಿಯಾ ಮೆದುಳಿಗೇರಿತ್ತು. ಅಣ್ಣನಿಗೆ ದಕ್ಕಿದ ಜೋಡಿ ತಂಗಿಗೆ ದಕ್ಕಿರಲಿಲ್ಲ. ಅದೇ ತಾಯಿ ತಂದೆಯರಿಂದ ಅವಳು ಪಡೆದದ್ದು ಬೇರೆ ಪಾಲು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಮೂಗು ಬೇರೆ ಬೇರೆಯಿರುವುದನ್ನು ದಿನವೂ ಕಾಣುವವರಿಗೆ ಇಷ್ಟು ಹೊಳೆಯಬಾರದೇ? ತಾರಿಣಿ ಬದುಕಿದ್ದಾಳೆ. ಆದರೆ ಎಡಗೈ ಅವಳ ಮಾತು ಕೇಳುವುದಿಲ್ಲ. “ಅಜ್ಜ, ಈ ಕೈ ಇನ್ನೂ ಮಲಗಿದೆ” ಎನ್ನುತ್ತಾಳೆ.

ನಾನು ಅಹವಾಲು ಸಲ್ಲಿಸಿದೆ. ಒಮ್ಮೆ ಬಳಿದ ಬಾಗಿಲಿನ ವರ್ಗ ಬದಲಾಗದು, ನಿಯಮವು ಪೂರ್ವಿಕರದು ಎಂಬ ಉತ್ತರ ಬಂತು. ಆ ಪೂರ್ವಿಕರು ತಾವು. ಈ ವಂಶವಾಹಿಗಳ ಗುಟ್ಟು ತಮ್ಮ ಕಾಲದಲ್ಲೇ ಬಿಚ್ಚಿಕೊಳ್ಳುತ್ತಿದೆಯೆಂದು ಓದಿ ಬಲ್ಲೆ. ತಮ್ಮಲ್ಲಿ ಆ ನಿಯಮ ಇನ್ನೂ ಕರಡಾಗಿಲ್ಲ. ರಕ್ಷಣೆಯ ಸುಳಿವು ಸಿಕ್ಕಿದ್ದಕ್ಕೆ ಯಾವ ಮಗುವಿನ ಪರದೆಯನ್ನೂ ಕಿತ್ತುಕೊಳ್ಳಬಾರದೆಂದು ಅದರ ಮೊದಲ ಸಾಲಿನಲ್ಲೇ ಬರೆಯಬೇಕಾಗಿ ಕೋರುತ್ತೇನೆ.

ವಾರಿಜ ಈಗ ಮತ್ತೆ ಬಸುರಿ. ಆ ಕೂಸು ಯಾವ ಪಾಲು ಪಡೆದಿದೆಯೋ ನನಗೆ ಗೊತ್ತಿಲ್ಲ. ಕಚೇರಿಗೂ ಗೊತ್ತಿಲ್ಲ; ಆದರೂ ಅದಕ್ಕೆ ಪರದೆ ಬೇಡವೆಂದು ಈಗಾಗಲೇ ತೀರ್ಮಾನವಾಗಿದೆ.